ಉಪ್ಪುಮಣ್ಣಿನ ಐರಾಣಿ

ನನ್ನ ಹತ್ತಿರ ಮಣ್ಣಿನ ಕೆಲಸ ಕಲಿಯಲು ಬರುವ ಮುಂಬಯಿ ಮಂದಿಗೆಲ್ಲ ಒಂದೇ ನಂಬಿಕೆ: ಚಕ್ರದ ಮುಂದೆ ಕುಳಿತರೆ ಮನಸ್ಸು ತಣ್ಣಗಾಗುತ್ತದೆ ಎಂದು. ವಾರವಿಡೀ ಲೋಕಲ್‌ನಲ್ಲಿ ಜೋತುಬಿದ್ದು, ಆಫೀಸಿನಲ್ಲಿ ಬೈಸಿಕೊಂಡು, ಶನಿವಾರ ನನ್ನ ಬೊರಿವಲಿಯ ಶೆಡ್ಡಿಗೆ ಬರುತ್ತಾರೆ. ಏಪ್ರನ್ ಕಟ್ಟಿಕೊಂಡು ಋಷಿಗಳ ಹಾಗೆ ಕಣ್ಣು ಅರ್ಧ ಮುಚ್ಚಿ ಕೂರುತ್ತಾರೆ. ಮಣ್ಣು ಹಾರಿ ಗೋಡೆಗೆ ಸಿಡಿದಾಗ ಕಣ್ಣು ಪೂರ್ತಿ ತೆರೆಯುತ್ತದೆ. ನಾನು ನಗು ಬಂದರೂ ತಡೆದುಕೊಳ್ಳುತ್ತೇನೆ. ಮೊನ್ನೆ ಅವರಲ್ಲೊಬ್ಬಳು, ಸಹನಾ ಎಂಬ ಬ್ಯಾಂಕಿನ ಹುಡುಗಿ, ತನ್ನ ತಡವರಿಸುವ ಕನ್ನಡದಲ್ಲಿ ನನ್ನನ್ನೇ ಕೇಳಿದಳು.

"ಆಂಟಿ, ಚಾಕ್, ಈ ಚಕ್ರದ ಮೇಲೆ ಕೂತಾಗ ನಿಮ್ದು ಮೈಂಡ್ ಎಲ್ಲಿರ್ತದೆ? ಮತ್ಲಬ್, ಏಕದಂ ಬ್ಲ್ಯಾಂಕ್ ಆಗ್ತದಾ?"

"ಆಂಟಾಪ್ ಹಿಲ್‌ನಾಗ ಇರ್ತದ," ಎಂದೆ.

"ಅಷ್ಟು ದೂರ? ಬಾಂದ್ರಾದಲ್ಲಿ ಗಾಡಿ ಚೇಂಜ್ ಮಾಡ್ಬೇಕಲ್ಲಾ ಆಂಟಿ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನಾನು ಹೇಳಿದ್ದು ನಿಜ. ಮಣ್ಣಿನ ಮುದ್ದೆಯನ್ನು ಚಕ್ರದ ನಡುವಿಗೆ ತರುವ ತನಕ ನನಗೆ ಬೇರೆ ಯೋಚನೆ ಇರುವುದಿಲ್ಲ. ಅದು ಓಲಾಡುವುದನ್ನು ಬಿಟ್ಟು ಅಂಗೈಯಡಿ ಸುಮ್ಮನೆ ತಿರುಗತೊಡಗಿದ ಮೇಲೆ ಕೈಗಳಿಗೆ ನಾನು ಬೇಕಾಗುವುದಿಲ್ಲ. ಆಗ ಮನಸ್ಸು ನನ್ನನ್ನು ಕೇಳದೆ ಹೊರಡುತ್ತದೆ. ಬೇರೆಯವರದು ಸಮುದ್ರಕ್ಕೋ ಗುಡ್ಡಕ್ಕೋ ಹೋಗುತ್ತಿರಬಹುದು. ನನ್ನದು ಆಂಟಾಪ್ ಹಿಲ್‌ನ ಒಂದು ಚಾಳಿನ ಮೆಟ್ಟಿಲು ಹತ್ತಿ, ಗ್ಯಾಲರಿಯ ಕೊನೆಯ ಖೋಲಿಯೊಳಗೆ ನುಗ್ಗಿ, ಮೂಲೆಯಲ್ಲಿ ಕೂತುಬಿಡುತ್ತದೆ. ನನ್ನ ಈ ಶೆಡ್ಡು ದೊಡ್ಡದು. ಕೈ ಚಾಚಿದರೆ ಯಾವ ಗೋಡೆಯೂ ತಾಗುವುದಿಲ್ಲ. ಆದರೂ ನನ್ನ ಮೊಣಕೈಗಳು ಪಕ್ಕೆಗೆ ಅಂಟಿಕೊಂಡೇ ಇರುತ್ತವೆ. ಕಲಿಯುವವರು ಅದನ್ನು ನನ್ನ ಕಸುಬಿನ ಶಿಸ್ತು ಎಂದುಕೊಂಡು ತಾವೂ ಹಾಗೇ ಕೂರುತ್ತಾರೆ. ಅದು ಐದು ಜನ ಒಂದು ಖೋಲಿಯಲ್ಲಿ ಉಂಡು ಮಲಗಿ ಬಂದ ಅಭ್ಯಾಸ, ಅಷ್ಟೆ.

ಐದು ಜನ ಎಂದರೆ ಅಜ್ಜಿ, ಅವ್ವ, ಅಪ್ಪ, ಅವ್ವನ ತಮ್ಮ ಬಸು ಮಾಮಾ ಮತ್ತು ನಾನು, ರೇಣಿ. ಅಜ್ಜಿ ಅವ್ವನ ತಾಯಿ, ಖೋಲಿ ಅವಳದು. ವಿಜಾಪುರದ ಕಡೆಯಿಂದ ಬಂದ ಅಜ್ಜ ಬಂದರಿನಲ್ಲಿ ಮೂಟೆ ಹೊತ್ತು ಹಿಡಿದ ಖೋಲಿ ಅದು. ಅವನು ತೀರಿಕೊಂಡಾಗ ಬಸು ಮಾಮಾ ಇನ್ನೂ ಕೂಸು. ಗಂಡು ದಿಕ್ಕಿಲ್ಲದ ಖೋಲಿಯ ಮೇಲೆ ಯಾರ್ಯಾರ ಕಣ್ಣು ಬಿತ್ತೋ, ಎಷ್ಟು ಜನ ಬಂದು ಹೆದರಿಸಿದರೋ, ಅಜ್ಜಿ ಬಾಗಿಲಿಗೆ ಅಡ್ಡ ಮಲಗಿ ಅದನ್ನು ಉಳಿಸಿಕೊಂಡಳಂತೆ. ಆಮೇಲೆ ಅವಳು ಮಾಡಿದ ಮೊದಲ ಕೆಲಸವೆಂದರೆ ಅವ್ವನಿಗೆ ಒಬ್ಬ ಮನೆ ಅಳಿಯನನ್ನು ಹುಡುಕಿ ತಂದದ್ದು. ಅವನೇ ನನ್ನ ಅಪ್ಪ. ನಾವೆಲ್ಲ ಜಾತಿಯಿಂದ ಕುಂಬಾರರು, ಆದರೆ ಕೈಯಿಂದ ಕುಂಬಾರನಾಗಿದ್ದವನು ಅವನೊಬ್ಬನೇ. ಬಾಗಲಕೋಟೆ ಹತ್ತಿರದ ಹಳ್ಳಿಯಿಂದ ಬರುವಾಗ ತನ್ನ ತಿಗರಿಯನ್ನು, ಎಂದರೆ ಗಡಿಗೆ ಮಾಡುವ ಚಕ್ರವನ್ನು, ರೈಲಿನಲ್ಲಿ ಹೇರಿಕೊಂಡು ಬಂದಿದ್ದ. ಮುಂಬಯಿಯಲ್ಲಿ ಗಡಿಗೆ ಮಾರಿ ಬದುಕಬಹುದೆಂದು ಅವನಿಗೆ ಯಾರೋ ಹೇಳಿದ್ದರು. ಬಂದು ನೋಡಿದರೆ ಖೋಲಿಯಲ್ಲಿ ತಿಗರಿ ಇಡಬಹುದು, ತಿರುಗಿಸಲು ಜಾಗವಿಲ್ಲ. ಅದನ್ನು ಮಂಚದ ಹಿಂದೆ ಗೋಡೆಗೆ ಆನಿಸಿ ನಿಲ್ಲಿಸಿದರು. ಅಪ್ಪ ವಡಾಲಾದ ಒಂದು ಗೋದಾಮಿನಲ್ಲಿ ಕಾವಲಿಗೆ ಸೇರಿ, ಹಗಲೆಲ್ಲ ಸ್ಟೂಲಿನ ಮೇಲೆ ಕೂತು ಬರತೊಡಗಿದ. ತಿಗರಿಯ ಮೇಲೆ ಅವ್ವ ಒದ್ದೆ ಟವೆಲು ಹರವುತ್ತಿದ್ದಳು.

ಹೆಣ್ಣುಮಕ್ಕಳು ತಿಗರಿ ಮುಟ್ಟಬಾರದು ಎಂಬುದು ನಮ್ಮವರ ಕಟ್ಟಳೆ. ಆದರೆ ನಾನು ಮಲಗುವ ಜಾಗ ಅದರ ಬುಡದಲ್ಲೇ ಇತ್ತು. ನಿದ್ದೆಯಲ್ಲಿ ಕಾಲು ತಾಗಿದರೆ ಅಜ್ಜಿ ಎಬ್ಬಿಸಿ ನಮಸ್ಕಾರ ಮಾಡಿಸುತ್ತಿದ್ದಳು. ಟವೆಲು ಒಣಗಿಸಿದರೆ ಮೈಲಿಗೆಯಿಲ್ಲ, ನನ್ನ ಕಾಲು ತಾಗಿದರೆ ಮೈಲಿಗೆ. ನೆತ್ತಿಯ ಮೇಲೆ ಹಲಗೆಯ ಅಟ್ಟ, ಅದರ ಮೇಲೆ ಬಸು ಮಾಮಾ. ಅವನು ಬಿಲ್ಡಿಂಗ್ ಕಟ್ಟುವಲ್ಲಿ ನಳ ಜೋಡಿಸುವ ಕೆಲಸಕ್ಕೆ ಹೋಗುತ್ತಿದ್ದ. ಒಳ್ಳೆಯವನು, ಕುಡಿಯುವವನಲ್ಲ, ಜಗಳಗಂಟನಲ್ಲ. ಕೆಲಸದಿಂದ ಬಂದವನೇ ಏಣಿ ಹತ್ತಿ ಅಟ್ಟದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದ. ನಾನು ಲೆಕ್ಕ ಬಿಡಿಸಲು ತಲೆ ಎತ್ತಿದರೆ ಕಾಣುತ್ತಿದ್ದದ್ದು ಆ ಎರಡು ಪಾದಗಳು. ಅವುಗಳ ಬಿರುಕುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಮುಖಕ್ಕಿಂತ ಪಾದವೇ ಹೆಚ್ಚು ಪರಿಚಯವಿದ್ದ ಮನುಷ್ಯ ಅವನು.

ಮದುವೆಯ ಹಂಗಾಮು ಬಂತೆಂದರೆ ಆ ಖೋಲಿಯಲ್ಲಿ ಉಸಿರಾಡಲೂ ಕಷ್ಟ. ನಮ್ಮ ಕಡೆ ಮದುವೆಗೆ ಐರಾಣಿ ಬೇಕು. ಸುಣ್ಣ ಬಳಿದು ಕೆಮ್ಮಣ್ಣಿನ ಗೆರೆ ಎಳೆದ ಮಣ್ಣಿನ ಕೊಡಗಳನ್ನು ಕುಂಬಾರರ ಮನೆಯಿಂದಲೇ, ಹೆಂಗಸರು ತಲೆಯ ಮೇಲೆ ಹೊತ್ತು, ವಾಜಂತ್ರಿ ಬಾರಿಸಿಕೊಂಡು ತರಬೇಕು. ಆಂಟಾಪ್ ಹಿಲ್‌ನ ಉತ್ತರ ಕರ್ನಾಟಕದ ಮಂದಿಗೆಲ್ಲ ಕುಂಬಾರರ ಮನೆ ಎಂದರೆ ನಮ್ಮ ಖೋಲಿ. ಅಜ್ಜಿ ಧಾರಾವಿಯ ಕುಂಬಾರರಿಂದ ಬರಿ ಕೊಡ ತರಿಸುತ್ತಿದ್ದಳು. ತಾನೇ ಸುಣ್ಣ ಬಳಿದು, ಗೆರೆ ಎಳೆದು, ಅರಿಷಿಣದ ದಾರ ಕಟ್ಟಿ ಸಾಲಾಗಿ ಇಡುತ್ತಿದ್ದಳು. ಯಾರದೋ ಮದುವೆಯ ಕೊಡಗಳ ನಡುವೆ ನಾವು ಕಾಲು ಮಡಚಿಕೊಂಡು ಮಲಗಬೇಕು. ಅವುಗಳ ಎದುರು ಸೀನಬಾರದು, ಅಳಬಾರದು, ಕೆಟ್ಟ ಮಾತು ಆಡಬಾರದು. ನಾನು ಹೊರಗಾದ ದಿನಗಳಲ್ಲಿ ಗ್ಯಾಲರಿಯಲ್ಲಿ, ನಳದ ಬದಿಗೆ, ಎಲ್ಲರೂ ದಾಟಿ ಹೋಗುವಲ್ಲಿ ಕೂತು ಊಟ ಮಾಡಬೇಕಿತ್ತು. ಆ ಕೊಡಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಜ್ಜಿಗೆ ಮಾತ್ರ ಅದೇ ವೈಭವ. ಒಮ್ಮೆ ಪಕ್ಕದ ಖೋಲಿಯ ಮಲ್ಲವ್ವನ ಮಗಳ ಐರಾಣಿಯಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು. ಇದು ದೇವರ ಮಾತು, ಈ ಮುಹೂರ್ತ ಬಿಡಿ ಎಂದು ಅಜ್ಜಿ ಹೇಳಿದಳು. ಚಪ್ಪರ ಹಾಕಿದ್ದ ಮಂದಿ ಚಪ್ಪರ ಬಿಚ್ಚಿದರು. ಅಷ್ಟು ನಡೆಯುತ್ತಿತ್ತು ಅವಳ ಮಾತು.

ನನ್ನ ಹತ್ತನೇ ಇಯತ್ತೆಯ ಪರೀಕ್ಷೆ ಮುಗಿದ ಸಮಯ. ಎಲ್ಲರೂ ಉಣ್ಣಲು ಕುಳಿತಿದ್ದೆವು. ಬಸು ಮಾಮಾ ತನ್ನ ತಾಟನ್ನು ಅಟ್ಟಕ್ಕೇ ತೆಗೆದುಕೊಂಡು ಹೋಗಿದ್ದ. ಅಜ್ಜಿ ರೊಟ್ಟಿ ಮುರಿಯುತ್ತ, ಉಪ್ಪು ಕಡಿಮೆಯಾಗಿದೆ ಎಂಬಂಥ ದನಿಯಲ್ಲಿ ಹೇಳಿದಳು.

"ಬಸೂಗ ರೇಣಿನ್ನ ಮಾಡಿಬಿಡೂಣು. ಮನಿ ಹುಡುಗಿ ಮನ್ಯಾಗ ಇರ್ತಾಳ. ಖೋಲಿನೂ ಉಳೀತದ."

ಮೇಲೆ ತೂಗಾಡುತ್ತಿದ್ದ ಪಾದಗಳು ನಿಂತವು. ಅವ್ವ ತಲೆ ತಗ್ಗಿಸಿ ಪಲ್ಯ ಬಡಿಸಿದಳು. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಹತ್ತಾರು ಮನೆಗಳಲ್ಲಿ ಆಗಿದೆ, ಚೆನ್ನಾಗಿಯೂ ಇದ್ದಾರೆ.

"ನನಗ ಮುಂದ ಕಲೀಬೇಕಾಗೇದ," ಎಂದೆ.

"ಕಲಿ, ಯಾರು ಬ್ಯಾಡಂದ್ರು? ಅಟ್ಟದ ಮ್ಯಾಲ ಕುಂತು ಕಲಿ."

ಚಾಳಿನ ಹುಡುಗಿಯರು ಗಂಡನ ಮನೆಗೆ ಹೋಗುವಾಗ ಗೋಳೋ ಎಂದು ಅಳುವುದನ್ನು ನಾನು ನೋಡಿದ್ದೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವರಿಗೆ ಕಲ್ಯಾಣವೋ ಸೊಲ್ಲಾಪುರವೋ ಒಂದು ಊರಾದರೂ ಇತ್ತು. ನನ್ನ ಗಂಡನ ಮನೆ ಒಂದು ಏಣಿಯಷ್ಟು ದೂರ. ನೆಲದ ಮೇಲಿಂದ ಎದ್ದು ಅಟ್ಟ ಹತ್ತುವುದು, ಅಲ್ಲಿ ನೆಟ್ಟಗೆ ನಿಲ್ಲಲಾರದೆ ಬದುಕು ಮುಗಿಸುವುದು. ಅಜ್ಜಿ ಸತ್ತರೆ ಅಟ್ಟದಿಂದ ಕೆಳಗಿಳಿದು ಅವಳ ಮಂಚಕ್ಕೆ ಬರುವುದು. ಆ ಇಡೀ ಆಯುಷ್ಯ ಒಮ್ಮೆಲೇ ನನ್ನ ಕಣ್ಣೆದುರು ನಿಂತಿತು, ಮತ್ತು ಅದರಲ್ಲಿ ಒಂದು ಕಿಟಕಿಯೂ ಇರಲಿಲ್ಲ. ಖೋಲಿಯ ಮೂಲೆಯ ಬಚ್ಚಲಾದ ಮೋರಿಯ ಹತ್ತಿರ ಪಾತ್ರೆ ತಿಕ್ಕುವಾಗ ಅವ್ವನ ಸೆರಗು ಹಿಡಿದು ಬೇಡಿಕೊಂಡೆ. ಅವಳು ನನ್ನ ಕೆನ್ನೆ ಒರೆಸಿದಳು.

"ದೂರ ಕೊಟ್ಟರ ನಿನ್ನ ಮಾರಿ ನನಗ ನೋಡಾಕ ಸಿಗತೇತೇನವಾ? ನನಗಂತ ಇರೂದು ನೀ ಒಬ್ಬಾಕಿ."

ಅವ್ವನ ಪ್ರೀತಿಯೂ ಬಾಗಿಲಿಗೆ ಅಡ್ಡವೇ ನಿಂತಿತ್ತು. ಅಪ್ಪನನ್ನು ಕೇಳುವ ಯೋಚನೆ ನನಗೆ ಬರಲೇ ಇಲ್ಲ. ಆ ಮನೆಯಲ್ಲಿ ಅಪ್ಪನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅವನು ದುಡಿದು ತರುತ್ತಿದ್ದ, ಕೊಟ್ಟದ್ದನ್ನು ಉಣ್ಣುತ್ತಿದ್ದ, ಗ್ಯಾಲರಿಯ ಕಟಾಂಜನದ ಮೇಲೆ ಕೈಯಿಟ್ಟು ಸಾಲು ಮನೆಗಳ ಆಚೆ ಏನನ್ನೋ ನೋಡುತ್ತ ನಿಲ್ಲುತ್ತಿದ್ದ.

ಮುಹೂರ್ತ ಗೊತ್ತಾದ ಮೇಲೆ ಅಜ್ಜಿಗೆ ಒಂದು ತಕರಾರು ಎದುರಾಯಿತು. ಊರಿಗೆಲ್ಲ ಐರಾಣಿ ಕೊಟ್ಟ ಮನೆ, ತನ್ನ ಮೊಮ್ಮಗಳಿಗೆ ಧಾರಾವಿಯ ಕೊಡ ತರುವುದೇ?

"ಕುಂಬಾರರ ಮನಿ ಲಗ್ನಕ್ಕ ಬಜಾರದ ಕೊಡಾನ? ಮಂದಿ ನಕ್ಕಾರು. ತಿಗರಿ ಐತಿ, ತಿರುಗಸಾವ ಅದಾನ. ಮಣ್ಣು ಇಲ್ಲೀದ ಆಗಬೇಕು. ಹುಡುಗಿ ಯಾವ ನೆಲದಾಗ ಬಾಳೇವು ಮಾಡ್ತಾಳೊ ಆ ನೆಲದ ಮಣ್ಣು."

ಆಂಟಾಪ್ ಹಿಲ್‌ನಲ್ಲಿ ಮಣ್ಣೆಲ್ಲಿದೆ? ಕಾಲಿಟ್ಟಲ್ಲೆಲ್ಲ ಸಿಮೆಂಟು. ಮಣ್ಣು ಕಾಣುವುದೆಂದರೆ ಆಚೆ ಉಪ್ಪು ತೆಗೆಯುವ ಗದ್ದೆಗಳ ಅಂಚಿನಲ್ಲಿ, ಸಮುದ್ರದ ನೀರು ಒಳಗೆ ಬರುವಲ್ಲಿ. ಮದುಮಗಳೇ ಮೊದಲ ಹಿಡಿ ಮಣ್ಣು ಎತ್ತಬೇಕೆಂದು ಅಜ್ಜಿ ನನ್ನನ್ನೂ ಅಪ್ಪನ ಜೊತೆ ಕಳಿಸಿದಳು. ರವಿವಾರ ಮುಂಜಾನೆ ಗೋಣಿಚೀಲ ಹಿಡಿದು ಹೋದೆವು. ನಾನು ಅರಿಷಿಣ ಕುಂಕುಮ ಹಾಕಿ, ಒಂದು ಹಿಡಿ ಕಪ್ಪು ಮಣ್ಣು ಕಿತ್ತು ಅಪ್ಪನ ಕೈಗಿಟ್ಟೆ. ಅವನು ಅದನ್ನು ಬೆರಳಲ್ಲಿ ಹಿಸುಕಿ, ಒಂದು ಚೂರು ನಾಲಿಗೆಯ ಮೇಲಿಟ್ಟುಕೊಂಡ. ಬಹಳ ಹೊತ್ತು ಹಾಗೇ ನಿಂತಿದ್ದ. ಉಗುಳಲಿಲ್ಲ. ಆಮೇಲೆ ನನಗೆ ಬೆನ್ನು ಮಾಡಿ ಚೀಲ ಬಿಚ್ಚತೊಡಗಿದ. ಅಪ್ಪ ಮಾಡಿದ್ದನ್ನು ಮಾಡುವ ಆಸೆಯಿಂದ ನಾನೂ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಥೂ, ಬರೀ ಉಪ್ಪು! ಮಣ್ಣಿನ ರುಚಿಯೇ ಹೀಗಿರುತ್ತದೆ ಎಂದುಕೊಂಡು ಬಾಯಿ ಒರೆಸಿಕೊಂಡೆ.

ಉಪ್ಪುಮಣ್ಣಿನ ಕೊಡ ನಿಲ್ಲುವುದಿಲ್ಲ. ಸುಡುವಾಗ ಏನೂ ಆಗುವುದಿಲ್ಲ, ಸುಟ್ಟ ಮೇಲೆ ಒಳಗಿನ ಉಪ್ಪು ಗಾಳಿಯ ತೇವ ಹೀರುತ್ತ ಹೊರಗೆ ಬಂದು ಕೊಡದ ಮೈ ಸುಲಿಯುತ್ತದೆ. ಇದನ್ನು ಇಂದು ನನ್ನ ಶೆಡ್ಡಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಅಂದು ನನಗೆ ಗೊತ್ತಿರಲಿಲ್ಲ. ಅಜ್ಜಿಗೂ ಗೊತ್ತಿರಲಿಲ್ಲ. ಅವಳು ಕಂಡದ್ದು ಊರಿನ ಕೆರೆಯ ಸಿಹಿಮಣ್ಣು, ಮತ್ತು ಅವಳು ಸುಣ್ಣ ಬಳಿದವಳೇ ಹೊರತು ಮಣ್ಣು ಕಲಸಿದವಳಲ್ಲ. ಗೊತ್ತಿದ್ದವನು ಒಬ್ಬನೇ. ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ಕೇಳಿದಳು.

"ಹೆಂಗೈತಿ ಮಣ್ಣು?"

"ಛಲೋ ಐತಿ," ಎಂದ ಅಪ್ಪ.

ಮೋರಿಯಲ್ಲಿ ಮಣ್ಣು ತುಳಿದು ಹದ ಮಾಡಿದ. ಮೋರಿ ಕಟ್ಟಿಕೊಂಡದ್ದಕ್ಕೆ ಕೆಳಗಿನ ಖೋಲಿಯವರು ಮರಾಠಿಯಲ್ಲಿ ನಮ್ಮ ಏಳು ತಲೆಮಾರು ಎತ್ತಿ ಬೈದರು. ಮುಂದಿನ ರವಿವಾರ ಮಂಚವನ್ನು ಗ್ಯಾಲರಿಗೆ ಸಾಗಿಸಿ, ಖೋಲಿಯ ನಡುವೆ ತಿಗರಿ ಹೂಡಿದರು. ನಾನು ಹುಟ್ಟಿದ ಮೇಲೆ ಅದು ಗೋಡೆ ಬಿಟ್ಟು ನೆಲಕ್ಕೆ ಮಲಗಿದ್ದು ಅದೇ ಮೊದಲು. ಅವ್ವ, ನಾನು ಗೋಡೆಗೆ ಬೆನ್ನು ಹಚ್ಚಿ ನಿಂತೆವು. ಅಜ್ಜಿ ಹೊಸ್ತಿಲ ಮೇಲೆ ಕೂತಳು. ಅಟ್ಟದಿಂದ ಬಸು ಮಾಮಾನ ಪಾದಗಳು. ಅಪ್ಪ ಕೋಲಿನಿಂದ ತಿಗರಿ ತಿರುಗಿಸಿ, ಬಗ್ಗಿ ಕೂತು, ಎರಡೂ ಕೈ ಮಣ್ಣಿನ ಮೇಲಿಟ್ಟ. ಗೋದಾಮಿನ ಸ್ಟೂಲಿನ ಮೇಲೆ ಕೂರುತ್ತಿದ್ದ ಮನುಷ್ಯ ಎಲ್ಲೋ ಹೋದ. ಮಣ್ಣು ಅವನು ಹೇಳಿದಂತೆ ಎದ್ದಿತು, ಹೊಟ್ಟೆ ಬಿಟ್ಟಿತು, ಕಂಠ ಹಿಡಿಯಿತು. ನನಗೆ ಅಳು ಬಂತು, ಯಾಕೆಂದು ಆಗ ತಿಳಿಯಲಿಲ್ಲ. ಈಗ ತಿಳಿಯುತ್ತದೆ. ಇಂಥ ಕೈಗಳನ್ನು ಒಂದು ಖೋಲಿಗಾಗಿ ಇಷ್ಟು ವರ್ಷ ಮಡಚಿ ಇಟ್ಟಿದ್ದರು.

ಧಾರಾವಿಯ ಭಟ್ಟಿಯಿಂದ ಸುಟ್ಟು ಬಂದ ಕೊಡಗಳ ಮೈ ಬೆಳ್ಳಗಾಗಿತ್ತು. ಸುಣ್ಣ ಬಳಿಯುವ ಮೊದಲೇ ಬಿಳುಪು ಬಂದಿದೆ, ದೇವರ ಕೃಪೆ ಎಂದು ಅಜ್ಜಿ ಹಿಗ್ಗಿದಳು. ಅದು ಉಪ್ಪು. ಮದುವೆ ಮಳೆಗಾಲದ ಬಾಯಲ್ಲಿತ್ತು, ಗೋಡೆಗಳೂ ಬೆವರುತ್ತಿದ್ದ ದಿನಗಳು. ಐರಾಣಿ ತರುವ ಶಾಸ್ತ್ರದ ದಿನ ಇನ್ನೊಂದು ಪೇಚು. ಕುಂಬಾರರ ಮನೆಯೂ ಇದೇ, ಮದುವೆ ಮನೆಯೂ ಇದೇ. ಎಲ್ಲಿಂದ ಎಲ್ಲಿಗೆ ತರುವುದು? ಅಜ್ಜಿ ಅದಕ್ಕೂ ದಾರಿ ಮಾಡಿದಳು. ಹೆಂಗಸರು ಕೊಡ ಹೊತ್ತು ನಮ್ಮ ಬಾಗಿಲಿನಿಂದ ಹೊರಟು, ಬಿಲ್ಡಿಂಗ್ ಸುತ್ತಿ, ಅದೇ ಬಾಗಿಲಿಗೆ ವಾಪಸ್ಸು ಬರುವುದು. ವಾಜಂತ್ರಿ ಬಾರಿಸುತ್ತ ಹೊರಟರು. ಹಿಂದೆ ನಾನು, ತಲೆಗೆ ಬಾಸಿಂಗವೊಂದು ಬಾಕಿ. ಈ ಮೆರವಣಿಗೆ ಎಲ್ಲಿಗೆ ಹೋದರೂ ಕೊನೆಗೆ ಆ ಖೋಲಿಗೇ ಹೋಗುವುದೆಂದು ನೆನೆಯುತ್ತ ಹೆಜ್ಜೆ ಎಣಿಸುತ್ತಿದ್ದೆ.

ಬಿಲ್ಡಿಂಗಿನ ಹಿಂಬದಿ ತಿರುಗುವಷ್ಟರಲ್ಲಿ ನನ್ನ ಮುಂದಿದ್ದ ಮಲ್ಲವ್ವನ ಹೆಗಲ ಮೇಲೆ ಏನೋ ಬಿದ್ದಿತು. ಸುಣ್ಣದ ಚೆಕ್ಕೆ. ಇನ್ನೊಂದು ಬಿತ್ತು, ಅದರ ಮೇಲೆ ಕೆಮ್ಮಣ್ಣಿನ ಗೆರೆಯ ತುಂಡು. ಬಾಗಿಲಿಗೆ ಬಂದು ಇಳಿಸಿದಾಗ ಕೊಡಗಳ ಮೈ ಸುಲಿದು ಹೋಗಿತ್ತು. ಹೆಂಗಸರ ತಲೆ, ಹೆಗಲು, ಸೀರೆಯ ತುಂಬ ಪುಡಿ. ಒಂದು ಕೊಡದ ಬುಡ ಕೈಯಲ್ಲೇ ಉದುರಿತು. ವಾಜಂತ್ರಿಯವರು ತಾವಾಗಿಯೇ ನಿಲ್ಲಿಸಿದರು. ಯಾರೋ ಧಾರಾವಿಗೆ ಓಡಿ ಬೇರೆ ಕೊಡ ತನ್ನಿ ಎಂದರು. ಮಲ್ಲವ್ವ ಸೆರಗು ಝಾಡಿಸುತ್ತ ಅಜ್ಜಿಯನ್ನು ನೋಡಿದಳು.

"ನನ್ನ ಮಗಳದು ಕೂದಲೆಳಿ ಸೀಳು ಇತ್ತಂತ ಚಪ್ಪರಾ ಬಿಚ್ಚಿಸಿದಿ ಅಲ್ಲಬೇ. ಇದು ಯಾರ ಮಾತು ಈಗ?"

ಅಜ್ಜಿ ಉದುರಿದ ಚೆಕ್ಕೆಯೊಂದನ್ನು ಎತ್ತಿ ಕೊಡಕ್ಕೆ ಹಚ್ಚಲು ನೋಡಿದಳು. ತಾನೇ ಹಾಕಿದ ಕಟ್ಟಳೆಯೊಳಗೆ ಅವಳು ಸಿಕ್ಕಿಬಿದ್ದಿದ್ದಳು. ಅವಳ ಮುಖ ನೋಡಿ ನನಗೆ ಪಾಪವೆನ್ನಿಸಿತು. ಜನ ಕರಗಿದ ಮೇಲೆ ಅಪ್ಪನ ಕಡೆ ತಿರುಗಿದಳು.

"ಮತ್ತೊಂದು ಮುಹೂರ್ತ ತಗಸ್ತೀನಿ. ಬ್ಯಾರೆ ಮಣ್ಣು ತಂದು ಮಾಡು."

"ಮಾಡೂದಿಲ್ಲ."

ಅಪ್ಪ ಆ ಮನೆಯಲ್ಲಿ ಇಲ್ಲ ಎಂದದ್ದನ್ನು ನಾವು ಯಾರೂ ಕೇಳಿರಲಿಲ್ಲ. ಅವ್ವ ಕೈಯಲ್ಲಿದ್ದ ಚಂಬು ಕೆಳಗಿಟ್ಟಳು.

"ಯಾಕ ಮಾಡೂದಿಲ್ಲ?"

"ನಾ ಒಬ್ಬಾಂವ ಸಾಕು ಈ ಖೋಲಿಗೆ."

ಅಷ್ಟೇ ಹೇಳಿ ಗ್ಯಾಲರಿಗೆ ಹೋಗಿ ನಿಂತ. ಆ ವಾರವೇ ಬಸು ಮಾಮಾ ಬೊರಿವಲಿಯ ಯಾವುದೋ ಸೈಟಿನಲ್ಲಿ ಉಳಿದು ಕೆಲಸ ಮಾಡುತ್ತೇನೆಂದು ಟ್ರಂಕು ಎತ್ತಿಕೊಂಡು ಹೊರಟ. ಮೆಟ್ಟಿಲು ಇಳಿಯುವಾಗ ಸಿಳ್ಳೆ ಹಾಕಿದ. ಅವನಿಗೆ ಸಿಳ್ಳೆ ಹಾಕಲು ಬರುತ್ತದೆಂದೇ ನಮಗೆ ಗೊತ್ತಿರಲಿಲ್ಲ. ಆಮೇಲೆ ಅಲ್ಲೇ ಒಬ್ಬಳನ್ನು ಮದುವೆಯಾಗಿ ಸುಖವಾಗಿದ್ದ.

ಅಜ್ಜಿ ಅಪ್ಪನ ಜೊತೆ ಮಾತು ಬಿಟ್ಟಳು. ದೊಡ್ಡ ಮನೆಯಲ್ಲಿ ಮಾತು ಬಿಟ್ಟವರು ಬೇರೆ ಬೇರೆ ಕೋಣೆಯಲ್ಲಿ ಇರಬಹುದು. ನಮ್ಮಲ್ಲಿ ಮಾತು ಬಿಟ್ಟವರ ಮೊಣಕಾಲು ಮೊಣಕಾಲಿಗೆ ತಾಗುತ್ತಿತ್ತು. ಅಪ್ಪನ ತಾಟನ್ನು ಅವಳು ನೆಲದ ಮೇಲೆ ಕಾಲಿನಿಂದ ಸರಿಸುತ್ತಿದ್ದಳು. ಅವ್ವ ಇಬ್ಬರ ನಡುವೆ ಸೊರಗಿದಳು. ಅಪ್ಪ ಗೋಡೆಗೆ ಮುಖ ಮಾಡಿ ಉಣ್ಣತೊಡಗಿದ. ನನ್ನನ್ನು ಅಟ್ಟಕ್ಕೆ ಹಾಕಿದರು, ಒಬ್ಬಳನ್ನೇ. ಮುಂದೆ ಕಲಿಯುವುದು ಆಗಲಿಲ್ಲ. ಬಾಂದ್ರಾದಲ್ಲಿ ಮಣ್ಣಿನ ಪಾತ್ರೆ ಮಾಡುವ ಒಬ್ಬ ಪಾರ್ಸಿ ಹೆಂಗಸಿನ, ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದವಳ, ಸ್ಟುಡಿಯೋದಲ್ಲಿ ಮಣ್ಣು ಕಲಸುವ ಕೆಲಸ ಸಿಕ್ಕಿತು. ತಿಗರಿ ಮುಟ್ಟಬಾರದೆಂಬ ಕಟ್ಟಳೆ ಆ ಬಾಯಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಕೆಲಸ ಕಲಿತು ಕೈ ಕುದುರಿದ ಮೇಲೆ ಒಂದು ದಿನ ಉಪ್ಪುಮಣ್ಣಿನ ವಿಷಯ ಆಕೆಯಿಂದ ಕೇಳಿದೆ. ಮರುದಿನ ಮುಂಜಾನೆ ಅಪ್ಪ ಡ್ಯೂಟಿಗೆ ಹೊರಡುವಾಗ ಗ್ಯಾಲರಿಯಲ್ಲಿ ಅವನನ್ನು ಹಿಡಿದೆ.

"ಅಪ್ಪಾ, ಆ ಮಣ್ಣು ಉಪ್ಪಿತ್ತು."

"ಹೂಂ."

"ನಿನಗ ಗೊತ್ತಿತ್ತು."

"ನಿನಗೂ ಗೊತ್ತಿತ್ತಲ್ಲವಾ. ನೀ ನಾಲಿಗಿ ಮ್ಯಾಲ ಇಟ್ಕೊಂಡದ್ದು ನಾ ನೋಡಿದ್ದೆ. ಕುಂಬಾರನ ಮಗಳು, ತಿಳದಾಳ ಅಂದ್ಕೊಂಡೆ. ನೀ ಮನೀಗೆ ಬಂದು ಒಂದು ಮಾತು ಆಡಲಿಲ್ಲ. ಅದಕ್ಕ ನನಗ ಧೈರ್ಯ ಬಂತು. ಒಬ್ಬನ ಕೈಲೆ ಆಗ್ತಿದ್ದಿಲ್ಲ."

ನನಗೆ ಗೊತ್ತಿರಲಿಲ್ಲ ಅಪ್ಪಾ ಎನ್ನಲು ಬಾಯಿ ತೆರೆದೆ. ಅವನು ನಗುತ್ತಿದ್ದ. ಕದ್ದ ಮಾವಿನಕಾಯಿ ಹಂಚಿಕೊಂಡ ಗೆಳೆಯನನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದ. ಗೋಡೆಗೆ ಮುಖ ಮಾಡಿ ಉಂಡ ಅಷ್ಟೂ ವರ್ಷ, ಬೆನ್ನ ಹಿಂದೆ ತನ್ನವಳು ಒಬ್ಬಳಿದ್ದಾಳೆ ಎಂದೇ ಅವನು ತಿಳಿದುಕೊಂಡಿದ್ದ. ನಾನು ಬಾಯಿ ಮುಚ್ಚಿಕೊಂಡು ಅವನ ಡಬ್ಬಿ ಕೈಗೆ ಕೊಟ್ಟೆ. ಬಾಂದ್ರಾದ ಬಾಯಿ ಸ್ಟುಡಿಯೋದ ಹಿಂದಿನ ಕೋಣೆಯಲ್ಲೇ ಇದ್ದುಬಿಡು ಎಂದು ಎಷ್ಟೋ ಸಲ ಹೇಳಿದಳು. ಕಿಟಕಿಯಿದ್ದ, ಬೇವಿನ ಮರ ಕಾಣುತ್ತಿದ್ದ ಕೋಣೆ ಅದು. ನಾನು ಹೋಗಲಿಲ್ಲ. ನನ್ನನ್ನು ಹೊರಗೆ ಕಳಿಸಲು ಹಾಗೆ ಮಾಡಿದವನನ್ನು ಒಳಗೆ ಒಬ್ಬನನ್ನೇ ಬಿಟ್ಟು ಹೋಗಲು ನನ್ನಿಂದ ಆಗಲಿಲ್ಲ. ದಿನವೂ ಸಂಜೆ ಗಾಡಿ ಹಿಡಿದು ಆಂಟಾಪ್ ಹಿಲ್‌ಗೆ ಮರಳಿ, ಏಣಿ ಹತ್ತಿ, ಬಗ್ಗಿ ಕೂತು ಉಣ್ಣುತ್ತಿದ್ದೆ. ಕೆಳಗಿನಿಂದ ಅಪ್ಪ ಒಮ್ಮೆ ತಲೆಯೆತ್ತಿ ನಾನು ಇದ್ದೇನೆಯೇ ಎಂದು ನೋಡುತ್ತಿದ್ದ. ಅವನನ್ನು ಆ ಬಾಗಿಲಿನಿಂದ ಹೊತ್ತುಕೊಂಡು ಹೋದ ಮೇಲೆಯೇ ನಾನು ಬೇರೆ ಮನೆ ಮಾಡಿದ್ದು.